ಎಣ್ಣೆಯ ಮುಳ್ಳು

ದೂರದಲ್ಲಿ ಯಾರೋ ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದ ಹಾಗೆ ಕೇಳಿಸಿತು. ಜೋರಾಗಿ ತಟ್ಟುತ್ತಿರಲಿಲ್ಲ. ಮನೆಯವರು ಎಚ್ಚರವಿದ್ದರೆ ತೆಗೆಯಲಿ, ಇಲ್ಲದಿದ್ದರೆ ಬೇಡ ಎನ್ನುವಷ್ಟು ಮೆಲ್ಲಗೆ. ನಾನು ಹಾಸಿಗೆಯಲ್ಲಿ ಎದ್ದು ಕುಳಿತೆ. ಹೊನ್ನಾವರದಲ್ಲಿ ಆ ಹೊತ್ತಿಗೆ ಎಚ್ಚರವಾಗಿರುತ್ತಿದ್ದವರೆಂದರೆ ಬಂದರಿನ ನಾಯಿಗಳು ಮತ್ತು ನಾನು. ಶಬ್ದ ಬಂದರಿನ ಕಡೆಯಿಂದಲೇ ಹತ್ತಿರವಾಗುತ್ತ ಬಂತು. ಅದರ ಹಿಂದೆ ಮೋಟಾರಿನ ಗುರುಗುಟ್ಟುವಿಕೆ ಕೂಡಿಕೊಂಡ ಮೇಲೆಯೇ ನನಗೆ ಗೊತ್ತಾದದ್ದು, ಬರುತ್ತಿರುವುದು ನಮ್ಮ ಕಾರು, ಬಡಿಯುತ್ತಿರುವುದು ಅದರ ಹೊಟ್ಟೆಯೊಳಗೆ ಎಂದು.

ನನ್ನ ಗಂಡ ಡಾಕ್ಟರ್ ನಾಗಪತಿ ಸಂಜೆ ಮಂಕಿಗೆ ರೋಗಿಯನ್ನು ನೋಡಲು ಹೋಗಿದ್ದರು. ಆಗಿನ್ನೂ ಶರಾವತಿಗೆ ಸೇತುವೆ ಆಗಿರಲಿಲ್ಲ. ಮಂಕಿ, ಭಟ್ಕಳದ ಕಡೆಗೆ ಹೋಗುವ ಮೋಟಾರುಗಳೆಲ್ಲ, ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲ್ ಹತ್ತಿ ಹೊಳೆ ದಾಟಬೇಕಿತ್ತು. ಕತ್ತಲಾದ ಮೇಲೆ ಜಂಗಲ್ ಬಿಡುತ್ತಿರಲಿಲ್ಲ. ಡಾಕ್ಟರ ಕಾರು ಎಂದರೆ ಮಾತ್ರ ಅಂಬಿಗರು ಹೊತ್ತು ನೋಡುತ್ತಿರಲಿಲ್ಲ.

ಕಂದೀಲು ಹಿಡಿದು ಅಂಗಳಕ್ಕೆ ಬಂದೆ. ಅವರು ಎಂಜಿನ್ ಆರಿಸದೆ ಒಳಗೇ ಕುಳಿತು, ಮುಂದಿನ ಹಲಗೆಯಲ್ಲಿದ್ದ ಒಂದು ದುಂಡು ಮೀಟರಿನ ಗಾಜನ್ನು ಉಗುರಿನಿಂದ ತಟ್ಟುತ್ತಿದ್ದರು.

"ಇನ್ನೂ ನಿದ್ದೆ ಮಾಡಿದ್ದಿಲ್ಯಾ?" ಎಂದರು ನನ್ನನ್ನು ಕಂಡು.

"ಎಂತ ಆತು?"

"ಎಣ್ಣೆ ಮೀಟರ್ ಹಾಳಾಯ್ದು. ನೋಡು, ಮುಳ್ಳು ಏಳ್ತೇ ಇಲ್ಲೆ."

ಎಂಜಿನ್ನಿನ ಒಳಗೆ ಎಣ್ಣೆ ಎಷ್ಟು ಒತ್ತಡದಲ್ಲಿ ಓಡಾಡುತ್ತಿದೆ ಎಂದು ತೋರಿಸುವ ಮೀಟರು ಅದು. ಕಾರು ಬ್ರಿಟಿಷರ ಕಾಲದ್ದು. ಯಾವನೋ ಅರಣ್ಯಾಧಿಕಾರಿ ಬಿಟ್ಟು ಹೋದದ್ದನ್ನು ಇವರು ಪ್ರಾಕ್ಟೀಸು ಶುರು ಮಾಡಿದ ವರ್ಷ ಕೊಂಡಿದ್ದರು. ಓಡುವಾಗ ನಲವತ್ತರ ಹತ್ತಿರ ನಿಲ್ಲುತ್ತಿದ್ದ ಆ ಮುಳ್ಳು ಈಗ ಸೊನ್ನೆಗೆ ಒರಗಿ ಮಲಗಿತ್ತು. ಬಡಿತ ನನ್ನ ಕಾಲಬುಡದಲ್ಲೇ ಎಂಬಂತೆ ಕೇಳುತ್ತಿತ್ತು.

"ಎಂತೋ ಶಬ್ದ ಬತ್ತಾ ಇದ್ದು," ಎಂದೆ.

"ಹಾಂ?"

"ಶಬ್ದ. ಎಂಜಿನ್ನಿಂದು."

ಅವರು ತಲೆ ವಾಲಿಸಿ ಬಹಳ ಹೊತ್ತು ಕೇಳಿದರು. ಕಂದೀಲಿನ ಬೆಳಕಿನಲ್ಲಿ ಅವರ ಮುಖ ಪರೀಕ್ಷೆಗೆ ಕುಳಿತ ಹುಡುಗನ ಮುಖದ ಹಾಗಿತ್ತು. "ಎಂತೂ ಇಲ್ಲೆ. ಹೊಲಿಗೆ ಮಿಶನ್ ಹಾಂಗೆ ಓಡ್ತಾ ಇದ್ದು. ಎಂಜಿನ್ ಸರಿ ಇದ್ದು, ಮುಳ್ಳು ಬಿದ್ದು ಹೋಯ್ದು ಅಂದ್ರೆ ಮೀಟರ್ ಸುಳ್ಳು ಹೇಳ್ತು, ಅಷ್ಟೇಯ."

ಒಳಗೆ ಬಂದು ಕೈಕಾಲು ತೊಳೆಯುವಾಗ ಕೇಳಿದೆ: "ಸುಬ್ಬಿ ಹ್ಯಾಂಗಿದ್ದು?"

ಸುಬ್ಬಿ ಮಂಕಿಯ ಬೀರನ ಮಗಳು. ಬೀರ ತೆಂಗಿನ ಮರ ಹತ್ತುವವನು. ವರ್ಷಕ್ಕೆರಡು ಸಲ ನಮ್ಮ ಹಿತ್ತಲಿಗೂ ಬಂದು ಕಾಯಿ ಇಳಿಸಿ ಹೋಗುತ್ತಿದ್ದ. ಹುಡುಗಿಗೆ ಬರುವ ತಿಂಗಳು ಮದುವೆ ಗೊತ್ತಾಗಿತ್ತು.

"ಜ್ವರ ಜೋರಿದ್ದು. ಎದೆ ಸ್ವಚ್ಛ. ಪುಡಿ ಕೊಟ್ಟಿಕ್ಕೆ ಬಂದಿ," ಎಂದರು. ಹಾಸಿಗೆಗೆ ತಲೆ ಕೊಟ್ಟ ಕೂಡಲೇ ಅವರಿಗೆ ನಿದ್ದೆ ಬಂತು.

ನನಗೆ ಬರಲಿಲ್ಲ. ಆ ಬಡಿತವನ್ನು ಕೇಳದ ಕಿವಿಯೇ ಸುಬ್ಬಿಯ ಎದೆ ಸ್ವಚ್ಛವಾಗಿದೆ ಎಂದು ಹೇಳಿತ್ತು.

ಈ ಅನುಮಾನ ಆ ರಾತ್ರಿ ಹುಟ್ಟಿದ್ದಲ್ಲ. ಒಂದು ವರ್ಷದಿಂದ ನಾನು ಅವರ ಕಿವಿಯನ್ನು ಕಾಯುತ್ತಿದ್ದೆ, ಒಲೆಯ ಮೇಲಿನ ಹಾಲನ್ನು ಕಾಯುವಂತೆ. ಹಾಲು ಉಕ್ಕಿ ಒಲೆಗೆ ಬಿದ್ದು ಚುರ್ ಎಂದಾಗ ಅವರು ಪಕ್ಕದಲ್ಲೇ ಕುಳಿತು ಪೇಪರ್ ಓದುತ್ತಿದ್ದರು. ಮೆತ್ತಗೆ ಮಾತಾಡುವ ಹೆಂಗಸರು ದವಾಖಾನೆಗೆ ಬಂದರೆ ಎರಡೆರಡು ಸಲ ಕೇಳುತ್ತಿದ್ದರು. ಮಾವನವರು ನಲವತ್ತು ದಾಟುವ ಮೊದಲೇ ಪೂರ್ತಿ ಕಿವುಡರಾಗಿದ್ದರಂತೆ. ಅವರೊಡನೆ ಮಾತಾಡಲು ಮನೆಯವರೆಲ್ಲ ಕೂಗಿ ಕೂಗಿ, ಕೊನೆಗೆ ತಮ್ಮ ತಮ್ಮಲ್ಲೂ ಕೂಗಿಯೇ ಮಾತಾಡುವುದು ಅಭ್ಯಾಸವಾಗಿತ್ತೆಂದು ನಾದಿನಿ ನಗುತ್ತ ಹೇಳಿದ್ದಳು. ನಾನು ನಕ್ಕಿರಲಿಲ್ಲ.

ಆದರೂ ನನ್ನನ್ನು ತಡೆದದ್ದು ಒಂದು ವಿಚಿತ್ರ. ಕಾರಿನಲ್ಲಿ, ಅಷ್ಟೊಂದು ಗದ್ದಲದ ನಡುವೆ, ನಾನು ಆಡಿದ ಒಂದೊಂದು ಮಾತೂ ಅವರಿಗೆ ಕೇಳುತ್ತಿತ್ತು. ಮನೆಯ ಮೌನದಲ್ಲಿ ಕೇಳುತ್ತಿರಲಿಲ್ಲ. ಕಿವುಡರಿಗೆ ಗದ್ದಲದಲ್ಲಿ ಕೇಳುವುದುಂಟೆ? ಹಾಗಾದರೆ ಇದು ಬರೀ ಲಕ್ಷ್ಯವಿಲ್ಲದ್ದು, ಆಯಾಸ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಧಾರವಾಡದಲ್ಲಿ ಓದಿ ಬಿ.ಎ. ಮಾಡಿದವಳು ನಾನು. ಸರಿಯಾದ ಮಾತು ಸಿಗುವ ತನಕ ಬಾಯಿ ತೆರೆಯಬಾರದು ಎಂಬುದು ನನ್ನ ಸ್ವಭಾವ. ಈ ವಿಷಯಕ್ಕೆ ಸರಿಯಾದ ಮಾತು ನನಗೆ ಗೊತ್ತಿತ್ತು. ಆಡುವ ಧೈರ್ಯ ಇರಲಿಲ್ಲ. ಊರೆಲ್ಲ ಅವರ ಕಿವಿಯನ್ನೇ ನಂಬಿತ್ತು. ಕ್ಷ-ಕಿರಣದ ಯಂತ್ರ ನಮ್ಮಲ್ಲಿ ಇರಲಿಲ್ಲ. ಡಾಕ್ಟರು ಎದೆಗೆ ಕಿವಿ ಕೊಟ್ಟು ಏನು ಹೇಳುತ್ತಾರೋ ಅದೇ ನಿಜ. ಆ ಕಿವಿ ಹೋದರೆ ಅವರಿಗೆ ಉಳಿಯುವುದೇನು?

ಬೆಳಿಗ್ಗೆ ಕಾರು ಶುರು ಮಾಡಿದಾಗ ಮುಳ್ಳು ಸಟ್ಟನೆ ನಲವತ್ತಕ್ಕೆ ಏರಿತು.

"ಕಂಡ್ಯಾ?" ಎಂದರು ಗೆದ್ದವರಂತೆ. "ರಾತ್ರೆ ಸುಳ್ಳು, ಬೆಳಿಗ್ಗೆ ಖರೆ. ಇಂಥ ಮೀಟರ್ ಇಟ್ಕಂಡು ಎಂತ ಮಾಡವು? ಕುಮಟೆಗೆ ಹೋಗಿ ಕಮಲಾಕರನ ಹತ್ರ ಬೇರೆ ಹಾಕಿಸ್ಕಂಡು ಬಪ್ಪ."

"ಆನೂ ಬತ್ತಿ," ಎಂದೆ. ಸೀರೆ ಅಂಗಡಿಯ ನೆಪ ಹೇಳಿದೆ.

ದಾರಿಯಲ್ಲಿ ನಾನು ಸಮುದ್ರದ ಕಡೆ ನೋಡಲಿಲ್ಲ, ಗದ್ದೆಯ ಕಡೆಯೂ ನೋಡಲಿಲ್ಲ. ಮುಳ್ಳನ್ನೇ ನೋಡಿದೆ. ಕರ್ಕಿ ದಾಟುವ ತನಕ ಅದು ಅಲುಗಲಿಲ್ಲ. ಎಂಜಿನ್ ಕಾದಂತೆ ಕೆಳಗೆ ಸರಿಯತೊಡಗಿತು, ಯಾರಿಗೂ ಗೊತ್ತಾಗದಂತೆ ಸಭೆಯಿಂದ ಎದ್ದು ಹೋಗುವವರ ಹಾಗೆ. ಹಳದೀಪುರದಲ್ಲಿ ದನ ಅಡ್ಡ ಬಂತೆಂದು ಕಾರು ನಿಂತಾಗ ಪೂರ್ತಿ ಬಿತ್ತು. ಬಡಿತ ಶುರುವಾಯಿತು. ದನ ಓಡಿಸುತ್ತಿದ್ದ ಮುದುಕಿ ಕೂಡ ತಿರುಗಿ ಕಾರಿನ ಮೂತಿ ನೋಡಿದಳು. ಇವರು ಕಿಟಕಿಯಿಂದ ಕೈ ಹೊರಹಾಕಿ ಕುಳಿತಿದ್ದರು, ಮುಖದಲ್ಲಿ ಏನೂ ಇರಲಿಲ್ಲ.

ಕಮಲಾಕರನ ಗ್ಯಾರೇಜು ಕುಮಟೆಯ ಬಸ್‌ಸ್ಟ್ಯಾಂಡಿನ ಹಿಂದೆ, ತಗಡಿನ ಮಾಡಿನ ಕೆಳಗೆ. ಅವನು ಹತ್ತು ವರ್ಷ ಬೊಂಬಾಯಿಯ ಮೋಟಾರು ಕಾರ್ಖಾನೆಗಳಲ್ಲಿ ದುಡಿದು ಬಂದವನು, ಅದನ್ನು ಯಾರೂ ಮರೆಯದಂತೆ ನೋಡಿಕೊಳ್ಳುತ್ತಿದ್ದ. ಮನೆಮಾತು ಕೊಂಕಣಿ. ನನ್ನ ಗಂಡನನ್ನು ಅಣ್ಣನಂತೆ ಕಾಣುತ್ತಿದ್ದುದರಿಂದ ನನ್ನನ್ನು ವೈನಿ ಎಂದು ಕರೆಯುತ್ತಿದ್ದ. ನಮ್ಮ ಕಾರು ಒಳಗೆ ಬರುವಾಗ ಅವನು ಕೈಯಲ್ಲಿದ್ದ ಚಹಾ ಬಸಿಯನ್ನು ತುಟಿಗೆ ಒಯ್ಯುವುದನ್ನು ನಿಲ್ಲಿಸಿದ್ದನ್ನು ನಾನು ಕಂಡೆ. ಒಂದು ಕ್ಷಣ ಮಾತ್ರ. ಆಮೇಲೆ ಕುಡಿದ.

"ಬನ್ನಿ ಡಾಕ್ಟ್ರೆ. ಬನ್ನಿ ವೈನೀ. ಎಂತಾ ಆತು?"

"ಎಣ್ಣೆ ಮೀಟರ್ ಹಾಳಾಗಿದೆ ಕಮಲಾಕರ. ಪ್ರೆಶರ್ ತೋರಿಸುವುದಿಲ್ಲ. ಎಂಜಿನ್ ಏನೂ ತೊಂದರೆ ಇಲ್ಲ, ಶಬ್ದ ಎಲ್ಲ ಸರಿ ಇದೆ."

"ಶಬ್ದ ಸರಿ ಇದೆ," ಎಂದ ಕಮಲಾಕರ, ಅವರು ಹೇಳಿದ್ದನ್ನೇ ನಿಧಾನವಾಗಿ. ಒಮ್ಮೆ ನನ್ನ ಕಡೆ ನೋಡಿದ. "ಪ್ರೆಶರ್ ಬಿದ್ರೆ ಜನಕ್ಕೆ ನೀವು ಉಪ್ಪು ಹಾಕಿ ಗಂಜಿ ಕುಡಿಸ್ತೀರಿ. ಇದಕ್ಕೆ ಎಂತ ಕುಡಿಸೂದು? ಆತು, ಕೂತ್ಕೊಳ್ಳಿ. ನೋಡುವಾ."

ಮೊದಲು ಎಣ್ಣೆಯ ಅಳತೆ ಕಡ್ಡಿ ಎಳೆದು ನೋಡಿದ. ಎಣ್ಣೆ ಗೆರೆಯ ತನಕ ಇತ್ತು. ಬೆರಳಿಗೆ ಹಚ್ಚಿ ಉಜ್ಜಿದ, ಮೂಸಿದ. "ಪೆಟ್ರೋಲ್ ಸೇರಿ ತೆಳ್ಳಗಾಗಿಲ್ಲ." ಆಮೇಲೆ ಮೀಟರಿನ ಹಿಂದೆ ಎಂಜಿನ್ನಿನಿಂದ ಬರುವ ಕಡ್ಡಿಯಷ್ಟು ಸಪೂರದ ತಾಮ್ರದ ನಳಿಗೆಯನ್ನು ಬಿಚ್ಚಿ, ತುದಿಗೆ ಡಬ್ಬಿ ಹಿಡಿದು ಎಂಜಿನ್ ಓಡಿಸಿದ. ಕಪ್ಪು ಎಣ್ಣೆ ಡಬ್ಬಿಗೆ ಬಿತ್ತು. "ನಳಿಗೆ ಕಟ್ಟಿಲ್ಲ."

"ನಾನು ಹೇಳಲಿಲ್ಲವೆ, ಮೀಟರೇ," ಎಂದರು ಇವರು.

"ಹೌದು ಡಾಕ್ಟ್ರೆ. ಮೀಟರೇ ಇರ್ಬೇಕು." ರಿಪೇರಿಗೆ ನಿಂತಿದ್ದ ಲಾರಿಯೊಂದರ ಮೀಟರನ್ನು ಕಳಚಿ ತಂದು ನಮ್ಮ ನಳಿಗೆಗೆ ಸೇರಿಸಿದ. ಎಂಜಿನ್ ಆರಲು ಬಿಟ್ಟು ಪುನಃ ಶುರು ಮಾಡಿದ. ಅದು ಕಾಯುವ ತನಕ ಎಲ್ಲರೂ ಕಾದೆವು. ಲಾರಿಯ ಮೀಟರಿನ ಮುಳ್ಳೂ ನಲವತ್ತಕ್ಕೆ ಏರಿತು, ನಿಂತಿತು, ನಿಧಾನವಾಗಿ ಇಳಿದು ಸೊನ್ನೆಯ ಹತ್ತಿರ ಮಲಗಿತು.

ಟಕ್ ಟಕ್ ಎಂಬ ಸದ್ದು ತಗಡಿನ ಮಾಡಿಗೆ ತಾಗಿ ಹಿಂದೆ ಬರುತ್ತಿತ್ತು.

"ಎರಡು ಮೀಟರು ಒಟ್ಟಿಗೆ ಸುಳ್ಳು ಹೇಳುತ್ತವೆಯೇ?" ಎಂದೆ ನಾನು. ಅದಕ್ಕಿಂತ ಹತ್ತಿರದ ಮಾತು ನನ್ನ ಬಾಯಿಗೆ ಬರಲಿಲ್ಲ.

ಕಮಲಾಕರ ಎಂಜಿನ್ನಿನ ಬದಿಯಲ್ಲಿ ಒತ್ತಡ ಹೆಚ್ಚಾದರೆ ಎಣ್ಣೆಯನ್ನು ವಾಪಸು ಬಿಡುವ ಸ್ಪ್ರಿಂಗೊಂದನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಹಾಕಿದ. ಮುಳ್ಳು ಏಳಲಿಲ್ಲ. ಪುನಃ ಬಿಚ್ಚಿ ಸ್ಪ್ರಿಂಗಿನ ಹಿಂದೆ ಬಿಲ್ಲೆ ಕೊಟ್ಟ. ಏಳಲಿಲ್ಲ. ಬಿಸಿಲು ತಗಡಿನ ಮೇಲೆ ಏರಿತು. ಅವನು ಮಾಡುತ್ತಿದ್ದುದೆಲ್ಲ ಒಂದು ಮಾತನ್ನು ಹೇಳದೆ ಉಳಿಯಲು ಎಂದು ನನಗೆ ಅರ್ಥವಾಗತೊಡಗಿತ್ತು. ನನ್ನ ಕಸುಬೂ ಒಂದು ವರ್ಷದಿಂದ ಅದೇ ಆಗಿತ್ತಲ್ಲ.

ಕೊನೆಗೆ ಅವನು ಕೈಯನ್ನು ಚಿಂದಿಗೆ ಒರೆಸಿಕೊಂಡ. "ಡಾಕ್ಟ್ರೆ, ಸಿಟ್ಟು ಮಾಡ್ಬೇಡಿ. ಮೀಟರ್ ಖರೆ ಹೇಳ್ತದೆ. ಒಳಗಿನ ಬೇರಿಂಗ್ ಸವೆದು ಹೋಗಿದೆ. ಎಣ್ಣೆ ತಣ್ಣಗೆ ದಪ್ಪ ಇರೂವಾಗ ನಿಲ್ತದೆ, ಕಾದ ಮೇಲೆ ಸಂದಿನಲ್ಲಿ ಜಾರಿ ಹೋಗ್ತದೆ. ಅದಕ್ಕೇ ಮುಳ್ಳು ಬೀಳೂದು, ಅದಕ್ಕೇ ಬಡಿಯೂದು."

"ಬಡಿಯುವುದು?" ಎಂದರು ಇವರು.

"ಬಡೀತಾ ಉಂಟಲ್ಲ. ನೀವು ಗೇಟಿನ ಒಳಗೆ ಬರೂವಾಗ್ಲೇ ನಂಗೆ ಕೇಳ್ತು."

"ಮತ್ತೆ ಹೇಳಲಿಲ್ಲ ಯಾಕೆ?"

"ಅರೇ ದೇವಾ! ಶಬ್ದ ಸರಿ ಇದೆ ಅಂದ್ರಿ ನೀವು. ನಿಮ್ಮ ಕಿವಿಯ ಮೇಲೆ ನಾನು ಕಿವಿ ಇಡೂದಾ? ನೀವು ಹೇಳಿದ್ರಿ ಅಂದ್ರೆ ನನ್ನ ಕಿವೀಲೇ ದೋಷ ಅಂತ ಬೇರೆ ಎಲ್ಲ ಬಿಚ್ಚಿ ನೋಡ್ದೆ."

ಇವರು ಕಾರಿನಿಂದ ತಮ್ಮ ಚೀಲ ತಂದು ಸ್ಟೆತೊಸ್ಕೋಪು ತೆಗೆದರು. ಕಿವಿಗೆ ಸಿಕ್ಕಿಸಿಕೊಂಡು, ಓಡುತ್ತಿದ್ದ ಎಂಜಿನ್ನಿನ ಕೆಳಬದಿಗೆ ಅದರ ಬಿಲ್ಲೆ ಇಟ್ಟು ಬಗ್ಗಿದರು. ಪಕ್ಕದ ಸೈಕಲ್ ಅಂಗಡಿಯವನು ಬಂದು ನಿಂತು, "ಜ್ವರ ಎಷ್ಟಿದೆ ಡಾಕ್ಟ್ರೆ?" ಎಂದು ನಕ್ಕ. ಕಮಲಾಕರ ಅವನನ್ನು ದುರುಗುಟ್ಟಿ ನೋಡಿದ ಮೇಲೆ ಹೋದ. ಇವರು ಜಾಗ ಬದಲಿಸಿದರು. ಮತ್ತೆ ಬದಲಿಸಿದರು.

"ಎಂತೂ ಇಲ್ಲೆ," ಎಂದರು, ನನಗೆ ಮಾತ್ರ.

ನಾನು ಕೈ ಚಾಚಿದೆ. ಅವರು ಸ್ಟೆತೊಸ್ಕೋಪನ್ನು ಕೊಟ್ಟರು. ಕಿವಿಗೆ ಇಟ್ಟುಕೊಂಡ ಕ್ಷಣ ನಾನು ಬೆಚ್ಚಿ ಹಿಂದೆ ಸರಿದೆ. ಒಳಕೋಣೆಯಲ್ಲಿ ಕೂಡಿ ಹಾಕಿದವರು ಕದ ಗುದ್ದುವ ಹಾಗಿತ್ತು. ನಾನು ಬೆಚ್ಚಿದ್ದನ್ನು ಅವರು ನೋಡಿದರು. ಅಷ್ಟು ಸಾಕಾಯಿತು, ನಾನು ಏನೂ ಹೇಳಬೇಕಾಗಿ ಬರಲಿಲ್ಲ.

ಕಮಲಾಕರನಿಗೆ ಇದು ಗೊತ್ತಾಯಿತೋ ಇಲ್ಲವೋ, ಅವನು ತನ್ನದೇ ಉತ್ಸಾಹದಲ್ಲಿದ್ದ. "ಆ ರಬ್ಬರು ನಳಿಗೆ ಮನುಷ್ಯರಿಗೆ ಡಾಕ್ಟ್ರೆ. ಬೊಂಬಾಯಿಯಲ್ಲಿ ನಮ್ಮ ಉಸ್ತಾದ ಹೀಗೆ ಕೇಳೂದು." ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ತೋರಿಸಿದ. "ಕಿವಿಗೆ ಊರಿನ ಗದ್ದಲ ಎಲ್ಲ ಬರ್ತದೆ. ಹಲ್ಲಿಗೆ ಎಂಜಿನ್ ಮಾತ್ರ."

ಇವರು ಹಿಡಿಯನ್ನು ಕರವಸ್ತ್ರದಿಂದ ಒರೆಸಿ, ಬಗ್ಗಿ, ಕಚ್ಚಿದರು.

ಅವರ ಮುಖದಲ್ಲಿ ಆಗ ಮೂಡಿದ್ದನ್ನು ಹೇಳಲು ನನಗೆ ಇವತ್ತಿಗೂ ಸರಿಯಾದ ಮಾತು ಸಿಕ್ಕಿಲ್ಲ. ಬಡಿತ ಅವರಿಗೆ ಕೇಳಿತು. ಹಲ್ಲಿನಿಂದ ತೆಗೆದರು, ಕೇಳಲಿಲ್ಲ. ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು, ಕೇಳಿತು. ಕಿವಿಯ ಎದುರು ಹಿಡಿದರು, ಇಲ್ಲ. ಬಲಕ್ಕೂ ಎಡಕ್ಕೂ ಇದನ್ನೇ ಮಾಡಿದರು. ಕಮಲಾಕರ ಒಂದು ಹೆಜ್ಜೆ ಹಿಂದೆ ಸರಿದು ಕಾರಿನ ಬಾಗಿಲನ್ನು ಸುಮ್ಮನೆ ಒರೆಸತೊಡಗಿದ. ಅವನು ಬಡಾಯಿಯವನೇ ಹೊರತು ದಡ್ಡನಲ್ಲ.

"ನರ್ಮದಾ," ಎಂದರು ನನ್ನ ಗಂಡ. ಪರರ ಎದುರು ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಮಂಕಿಗೆ ಹೋಗವು. ಈಗಲೇ."

"ಕಾರು ಹೋಗೂದಿಲ್ಲ ಡಾಕ್ಟ್ರೆ," ಎಂದ ಕಮಲಾಕರ. "ಎಂಜಿನ್ ಕಚ್ಚಿ ಹಿಡೀತದೆ ದಾರಿಯಲ್ಲಿ. ಬೇರಿಂಗ್ ಇಲ್ಲಿ ಸಿಗೂದಿಲ್ಲ, ಬೊಂಬಾಯಿಂದ ಬರ್ಬೇಕು. ಕಾರು ಇಲ್ಲೇ ಇರ್ಲಿ." ನಾವು ರಸ್ತೆಗೆ ಇಳಿಯುವಾಗ ನನ್ನ ಹತ್ತಿರ ಬಂದು ಮೆಲ್ಲಗೆ, "ವೈನೀ, ಕಾರಿಗೆ ಎಂತ ಆತು ಅಂತ ಕೇಳ್ದವರಿಗೆ ನಾನು ಕಾರಿನ ವಿಷಯ ಹೇಳ್ತೆ. ಅಷ್ಟೇ ಹೇಳ್ತೆ," ಎಂದ.

ಹೊನ್ನಾವರದ ಬಸ್ಸಿನಲ್ಲಿ, ಗದ್ದಲದ ನಡುವೆ, ಇವರು ನನಗೆ ವಿವರಿಸಿದರು. ಕಿವಿಯ ಒಳಗೆ ಅಕ್ಕಿಕಾಳಿಗಿಂತ ಸಣ್ಣ ಎಲುಬೊಂದಿದೆ. ಹೊರಗಿನ ಶಬ್ದವನ್ನು ಅದು ಅಲುಗಿ ಒಳಕ್ಕೆ ಕೊಡುತ್ತದೆ. ಕೆಲವು ಮನೆತನಗಳಲ್ಲಿ ಅದು ಪ್ರಾಯದಲ್ಲೇ ಬಿಗಿದುಕೊಳ್ಳುತ್ತದೆ. ಅದರ ಹಿಂದಿನ ನರಕ್ಕೆ ಏನೂ ಆಗಿರುವುದಿಲ್ಲ. ಆದ್ದರಿಂದಲೇ ಎಲುಬಿನ ಮೂಲಕ ಬಂದದ್ದು ಕೇಳುತ್ತದೆ, ಗಾಳಿಯಲ್ಲಿ ಬಂದದ್ದು ಕೇಳುವುದಿಲ್ಲ. ಇಂಥವರಿಗೆ ಗದ್ದಲದಲ್ಲಿ ಮಾತು ಹೆಚ್ಚು ಚೆನ್ನಾಗಿ ಕೇಳುವುದೂ ಉಂಟು.

"ಕಾಲೇಜಲ್ಲಿ ಓದಿದ್ದು ಎಲ್ಲ ನೆನಪಿದ್ದು," ಎಂದರು. "ಅಪ್ಪಯ್ಯಂಗೆ ಆಗಿದ್ದು ಇದೇಯ. ನಂಗೆ ಆತು ಹೇಳಿ ಮಾತ್ರ ಗೊತ್ತಾಜಿಲ್ಲೆ." ಸ್ವಲ್ಪ ಹೊತ್ತು ಬ್ಯಾಗನ್ನು ತೊಡೆಯ ಮೇಲೆ ಅತ್ತಿತ್ತ ತಿರುಗಿಸಿದರು. "ನಿಂಗೆ ಗೊತ್ತಿತ್ತಾ?"

"ಅನುಮಾನ ಇತ್ತು."

"ಹೇಳಿದ್ದಿಲ್ಲೆ."

"ಇಲ್ಲೆ."

ಮತ್ತೆ ಅವರು ಅದನ್ನು ಎತ್ತಲಿಲ್ಲ. ಜಂಗಲ್ ದಾಟಿ ಕಾಸರಕೋಡಿನ ದಡದಲ್ಲಿ ಬೇರೆ ಬಸ್ಸು ಹಿಡಿದೆವು. ಮಂಕಿಯಲ್ಲಿ ಇಳಿದು, ಉಸುಕಿನ ದಾರಿಯಲ್ಲಿ ತೆಂಗಿನ ಹಿತ್ತಲುಗಳ ನಡುವೆ ಬೀರನ ಮನೆಗೆ ನಡೆದಾಗ ಇಳಿಹೊತ್ತಾಗಿತ್ತು. ಅಂಗಳದಲ್ಲಿ ಮದುವೆಯ ಚಪ್ಪರಕ್ಕೆಂದು ತಂದಿಟ್ಟ ಹೊಸ ಗಳುಗಳು ಗೋಡೆಗೆ ಒರಗಿದ್ದವು.

ಬೀರ ಗಾಬರಿಯಿಂದ ಎದ್ದು ಬಂದ. "ಹೇಳಿ ಕಳಿಸ್ದೇ ಬಂದ್ರಿ, ಒಡ್ಯಾ! ಅಮ್ಮನೂ ಬಂದ್ರು!"

ಸುಬ್ಬಿ ಚಾಪೆಯ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದಳು. ಕಣ್ಣು ತೆರೆದಿತ್ತು, ನಮ್ಮನ್ನು ನೋಡುತ್ತಿರಲಿಲ್ಲ. ಮೂಗಿನ ಹೊಳ್ಳೆಗಳು ಒಂದೊಂದು ಉಸಿರಿಗೂ ಅಗಲವಾಗುತ್ತಿದ್ದವು. ಇವರು ಅವಳನ್ನು ಕೂರಿಸಿ, ಎಡಗೈಯ ಬೆರಳನ್ನು ಬೆನ್ನಿಗಿಟ್ಟು ಬಲಗೈಯ ಬೆರಳಿನಿಂದ ಅದರ ಮೇಲೆ ತಟ್ಟುತ್ತ ಬಂದರು. ಬಲಗಡೆ ಕೆಳಗೆ ಬಂದಾಗ ಬೆರಳು ನಿಂತಿತು. ತುಂಬಿದ ಮಡಕೆಗೂ ಖಾಲಿ ಮಡಕೆಗೂ ಇರುವ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ನಿನ್ನೆ ಅವರು ಕಿವಿಯನ್ನು ನಂಬಿ ಬೆರಳನ್ನು ಕೇಳಿರಲಿಲ್ಲ.

ಸ್ಟೆತೊಸ್ಕೋಪನ್ನು ನನ್ನ ಕೈಗೆ ಕೊಟ್ಟರು. "ಇಲ್ಲಿ ಕೇಳು. ಆಮೇಲೆ ಎಡಗಡೆ. ಎಂತ ಕೇಳ್ತು, ಸರಿಯಾಗಿ ಹೇಳು."

ಬಾಗಿಲಲ್ಲಿ ಬೀರ ನಿಂತಿದ್ದ. ಮೂಲೆಯಲ್ಲಿ ಅವನ ಹೆಂಡತಿ ಗಣಪಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದಳು. ಎಡಗಡೆ ಉಸಿರು ತೆಂಗಿನ ಗರಿಯಲ್ಲಿ ಗಾಳಿ ಆಡಿದಂತೆ ಬಂದು ಹೋಗುತ್ತಿತ್ತು. ಬಲಗಡೆ ಹಾಗಿರಲಿಲ್ಲ. ಜೀವಮಾನದಲ್ಲಿ ಒಂದು ಮಾತನ್ನು ಅಷ್ಟು ಕಷ್ಟಪಟ್ಟು ಹುಡುಕಿದವಳಲ್ಲ ನಾನು.

"ಕಾದ ಬಾಣಲೆಗೆ ಉಪ್ಪಿನ ಹರಳು ಹಾಕಿದ ಹಾಂಗೆ," ಎಂದೆ ಜೋರಾಗಿ. "ಸಣ್ಣಕೆ ಸಿಡಿತಾ ಇದ್ದು. ಉಸಿರು ಎಳಕಂಬ ಹೊತ್ತಿಗೆ, ಕೊನೆಗೆ."

ಅವರು ಕಣ್ಣು ಮುಚ್ಚಿ ತೆರೆದರು. "ನ್ಯುಮೋನಿಯ," ಎಂದರು. ಬ್ಯಾಗಿನಿಂದ ಪೆನಿಸಿಲಿನ್ ತೆಗೆದು, ಸೂಜಿ ಕುದಿಸಲು ನೀರು ತರಹೇಳಿದರು. ಗಣಪಿ ಎದ್ದು ಒಲೆಯ ಕಡೆ ಹೋದಳು. ಆಮೇಲೆ ಅವರು ಎದ್ದು ನಿಂತು ಬೀರನ ಕಡೆ ತಿರುಗಿದರು. ಅವರು ಹೇಳಿಯೇ ತೀರುತ್ತಾರೆಂದು ನನಗೆ ಆಗ ಗೊತ್ತಾಯಿತು.

"ಬೀರ," ಎಂದರು, "ನಿನ್ನೆ ನಾನು ಎದೆ ಸ್ವಚ್ಛ ಇದೆ ಅಂದೆ. ಅದು ತಪ್ಪು. ನಿನ್ನೆ ನಾನು ಕೇಳಲಿಲ್ಲ."

ಬೀರ ತಲೆ ತಗ್ಗಿಸಿದ. ನೆಲದ ಕಡೆ ನೋಡುತ್ತ, ಬಾಯಿಯಿಂದ ಹೊರಗೆ ಬರಲು ಹೆದರಿದ ದನಿಯಲ್ಲಿ ಮಾತಾಡಿದ.

"ಹೌದು ಒಡ್ಯಾ. ನೀವು ಕೇಳ್ಲಿಲ್ಲ, ನಾವೂ ಹೇಳ್ಲಿಲ್ಲ. ಕಫದಲ್ಲಿ ನೆತ್ರು ಬೀಳ್ತಿತ್ತು. ಕ್ಷಯ ಅಂತ ಸುದ್ದಿಯಾದ್ರೆ ಗಂಡಿನ ಮನೆಯವ್ರು ಬಿಟ್ಟು ಹೋಗ್ತ್ರು ಅಂತ ಮುಚ್ಚಿಟ್ವಿ. ಬಟ್ಟೆ ಮೇಲೆ ಬಿದ್ದದ್ನ ನಾನೇ ತೊಳ್ದು ಹಾಕ್ದೆ, ನೀವು ಬರೂಕ್ ಮೊದ್ಲು. ತಪ್ಪು ನಂದೇ."

ಕೇಳುವುದು ಎಂಬ ನಮ್ಮ ಮಾತಿಗೆ ಎರಡು ಬಾಗಿಲು. ಇವರು ಕಿವಿಯ ಬಾಗಿಲಿನಿಂದ ಒಳಗೆ ಹೋಗಿದ್ದರು, ಬೀರ ಪ್ರಶ್ನೆಯ ಬಾಗಿಲಿನಿಂದ ಹೊರಗೆ ಬಂದಿದ್ದ. ನಾನು ನನ್ನ ಗಂಡನ ಮುಖ ನೋಡಿದೆ. ಅವರು ಬೀರನ ಬಗ್ಗಿದ ತಲೆಯನ್ನು ನೋಡುತ್ತಿದ್ದರು. ಅವನ ತುಟಿ ಅವರಿಗೆ ಕಾಣುತ್ತಿರಲಿಲ್ಲ. ಆ ಕೋಣೆಯಲ್ಲಿ ಸುಬ್ಬಿಯ ಉಸಿರಿನ ಹೊರತು ಬೇರೆ ಗದ್ದಲವಿರಲಿಲ್ಲ. ಅವರು ಬೀರನ ಹೆಗಲ ಮೇಲೆ ಕೈಯಿಟ್ಟು ಒಮ್ಮೆ ಒತ್ತಿ, ಸೂಜಿಯ ಕಡೆ ತಿರುಗಿದರು.

ಆ ರಾತ್ರಿ ಮತ್ತು ಮಾರನೆಯ ದಿನ ನಾವು ಮಂಕಿಯಲ್ಲೇ ಉಳಿದೆವು, ಶಾಲೆಯ ಮಾಸ್ತರರ ಮನೆಯಲ್ಲಿ. ಹೊತ್ತು ಹೊತ್ತಿಗೆ ಅವರು ಚುಚ್ಚುವುದು, ನಾನು ಕೇಳಿ ಹೇಳುವುದು. ಅವಳ ಉಸಿರು ಎಲ್ಲಿ ಉಪ್ಪಿನಂತೆ, ಎಲ್ಲಿ ಗಾಳಿಯಂತೆ ಎಂದು ನಾನು ಹೇಳಿದಂತೆ ಅವರು ತಲೆಯಾಡಿಸುತ್ತಿದ್ದರು. ಮೂರನೆಯ ಬೆಳಿಗ್ಗೆ ಸುಬ್ಬಿಯ ಮೈಯೆಲ್ಲ ಬೆವರಿ ಚಾಪೆ ಒದ್ದೆಯಾಗಿತ್ತು. ನಮ್ಮನ್ನು ನೋಡಿ, "ಇವ್ರು ಎಂತಕ್ಕೆ ಬಂದದ್ದು?" ಎಂದು ತಾಯಿಯನ್ನು ಕೇಳಿದಳು. ಗಣಪಿ ಅಳುತ್ತಲೇ, "ನಿನ್ನ ಮದಿ ಊಟಕ್ಕೆ," ಎಂದಳು.

ಹೊರಡುವಾಗ ಬೀರ ಬಸ್ಸಿನ ತನಕ ಬಂದ. ಇವರು ಮುಂದೆ ನಡೆಯುತ್ತಿದ್ದರು. ಅವನು ಹಿಂದೆ ಉಳಿದು ನನಗೆ ಹೇಳಿದ: "ಅಮ್ಮಾ, ನನ್ನ ತಪ್ಪಿಗೆ ಕೋಳಿ ಹರಕೆ ಹೇಳ್ಕಂಡಿದ್ದೆ. ಇನ್ನು ಯಾವತ್ತೂ ಡಾಕ್ಟ್ರ ಹತ್ರ ಮುಚ್ಚಿಡೂದಿಲ್ಲ."

"ಹರಕೆ ಬೇಡಾಗಿತ್ತು ಬೀರ," ಎಂದೆ. ಅದಕ್ಕಿಂತ ಮುಂದಕ್ಕೆ ನನ್ನ ನಾಲಿಗೆ ಹೋಗಲಿಲ್ಲ.

ಜಂಗಲ್ ಮೇಲೆ ಆ ದಿನ ಮೋಟಾರು ಒಂದೂ ಇರಲಿಲ್ಲ. ನಾಲ್ಕೈದು ಜನ, ಒಂದು ಬುಟ್ಟಿ ಮೀನು. ಸಮುದ್ರದ ಭರತ ಇಳಿಯುವ ಹೊತ್ತು, ಗಾಳಿಯಿಲ್ಲ. ಅಂಬಿಗರ ಗಳು ನೀರಿಗಿಳಿಯುವ ಸದ್ದು ಕೂಡ ಬಿಡಿಬಿಡಿಯಾಗಿ ಕೇಳುತ್ತಿತ್ತು. ಅವರಿಗೆ ಅದು ಕೇಳುತ್ತಿರಲಿಲ್ಲವೆಂದು ಈಗ ನನಗೆ ಖಚಿತವಾಗಿ ಗೊತ್ತಿತ್ತು.

"ಬೇರಿಂಗಿಗೆ ಬೊಂಬಾಯಿಗೆ ಆನೇ ಹೋಗ್ತಿ," ಎಂದರು. "ಅಲ್ಲಿ ದೊಡ್ಡ ಆಸ್ಪತ್ರೇಲಿ ಆ ಎಲುಬಿಗೆ ಆಪರೇಶನ್ ಮಾಡ್ತ್ರಡ. ತೋರಿಸ್ಕಂಡು ಬತ್ತಿ. ಆದ್ರೆ ಆತು, ಆಗದಿದ್ರೆ ದವಾಖಾನೆ ಬಾಗ್ಲು ತೆಗಿತ್ನಿಲ್ಲೆ."

ನಾನು ತಲೆಯಾಡಿಸಿದೆ.

"ಬೀರಂಗೆ ಹೇಳ್ದಿ. ಅದೊಂದು ಆತು." ಅವರು ನೀರಿನ ಕಡೆ ನೋಡುತ್ತಿದ್ದರು. ಎಷ್ಟೋ ತಿಂಗಳ ಮೇಲೆ ಅವರ ಮುಖದ ಬಿಗಿತ ಸಡಿಲವಾಗಿತ್ತು. "ಎಂತೂ ಬಯ್ದಿದ್ನಿಲ್ಲೆ ಅಂವ. ತಲೆ ತಗ್ಗಿಸ್ಕಂಡು ಸುಮ್ಮನೆ ನಿಂತ. ಎಷ್ಟು ದೊಡ್ಡ ಮನಸ್ಸು ಅಲ್ದಾ?"

ಆಮೇಲೆ ಅವರು ನನ್ನ ಕಡೆ ತಿರುಗಿದರು, ಉತ್ತರಕ್ಕಾಗಿ ನನ್ನ ತುಟಿಗಳನ್ನು ನೋಡಿದರು.

ಬೀರ ಆಡಿದ್ದನ್ನು ಹೇಳಿದರೆ ಅವರು ಇದೇ ಜಂಗಲ್ ಮೇಲೆ ಹಿಂದಿರುಗಿ ಹೋಗುತ್ತಾರೆ. ನಾನು ಬಲ್ಲೆ. ಬೀರನ ಅಂಗಳದಲ್ಲಿ ನಿಂತು, ಯಾರಿಗೂ ತಪ್ಪು ಅರ್ಥವಾಗದ ಹಾಗೆ, ಊರಿಗೇ ಕೇಳುವ ಹಾಗೆ ತಮ್ಮ ಕಿವುಡನ್ನು ಹೇಳುತ್ತಾರೆ. ನಾಳೆ ಅವರ ಕಿವಿ ಸರಿಯಾಗಿ ಬಂದರೂ ಮಂಕಿಯಿಂದ ಭಟ್ಕಳದ ತನಕ ಒಬ್ಬರೂ ಅದಕ್ಕೆ ಎದೆ ಕೊಡುವುದಿಲ್ಲ. ಹೇಳದಿದ್ದರೆ ಬೀರ ಪೂರ್ತಿ ತನ್ನದಲ್ಲದ ತಪ್ಪಿಗೆ ಕೋಳಿ ಒಪ್ಪಿಸುತ್ತಾನೆ, ಮಗಳ ಮುಖ ನೋಡಿದಾಗಲೆಲ್ಲ ಆ ಬಟ್ಟೆ ತೊಳೆದದ್ದನ್ನು ನೆನೆಯುತ್ತಾನೆ. ಒಬ್ಬರು ಕ್ಷಮೆ ಸಿಕ್ಕಿತೆಂದು ತಿಳಿದಿದ್ದರು, ಇನ್ನೊಬ್ಬ ಕ್ಷಮೆ ಬೇಡಿದೆನೆಂದು ತಿಳಿದಿದ್ದ. ಇಬ್ಬರ ಮಾತನ್ನೂ ಪೂರ್ತಿ ಕೇಳಿದವಳು ನಾನೊಬ್ಬಳೇ.

"ಹೌದು," ಎಂದೆ, ಅವರಿಗೆ ಕೇಳುವಷ್ಟು ಜೋರಾಗಿ. "ದೊಡ್ಡ ಮನಸ್ಸು."

ಮೀನಿನ ಬುಟ್ಟಿಯವಳು ತಿರುಗಿ ನೋಡಿದಳು. ಹೊನ್ನಾವರದ ದಡ ಹತ್ತಿರವಾಗುತ್ತಿತ್ತು. ಆ ಕೋಣೆಯಲ್ಲಿ ಆದದ್ದನ್ನು ಇವರಿಗೂ ಹೇಳಬಾರದು, ಬೀರನಿಗೂ ಹೇಳಬಾರದು, ಯಾರಿಗೂ ಹೇಳಬಾರದು ಎಂದು ನಿಶ್ಚಯಿಸಿ, ನಾನು ಇಳಿಯಲು ಸೀರೆಯ ನೆರಿಗೆ ಎತ್ತಿ ಹಿಡಿದು ನಿಂತೆ.